ಮಂಗಳವಿಲ್ಲದ ಕಛೇರಿ

ಬರುವ ಶನಿವಾರ ಸಂಜೆ ಬೆಂಗಳೂರಿನ ಇಂದಿರಾನಗರದ ಒಂದು ಮಹಡಿ ಕೋಣೆಯಲ್ಲಿ, ಹೆಚ್ಚೆಂದರೆ ಐವತ್ತು ಜನ ನೆಲದ ಮೇಲೆ ಕುಳಿತು ಕೇಳುವ ಪ್ರಾಯೋಗಿಕ ಸಂಗೀತದ ಕಾರ್ಯಕ್ರಮದಲ್ಲಿ ನಾನು ಮೃದಂಗ ನುಡಿಸಬೇಕಾಗಿದೆ. ಜೊತೆಗೆ ಸ್ಯಾಕ್ಸೋಫೋನ್ ನುಡಿಸುವವರೊಬ್ಬರು, ಗಾಯಕಿಯೊಬ್ಬರು, ಲ್ಯಾಪ್‌ಟಾಪು ಮತ್ತು ವೈರುಗಳ ಗಂಟು ಹೊತ್ತು ಬರುವ ಒಬ್ಬ ಹುಡುಗ. ರಾಗವಿಲ್ಲ, ತಾಳವಿಲ್ಲ, ಮೊದಲೇ ಗೊತ್ತುಮಾಡಿಕೊಂಡ ಕೃತಿಯೂ ಇಲ್ಲ. ಒಪ್ಪಿಕೊಳ್ಳುವಾಗ ನನಗೆ ಅಳುಕಿರಲಿಲ್ಲ. ಇಪ್ಪತ್ತೆರಡು ವರ್ಷ ಪಕ್ಕವಾದ್ಯ ನುಡಿಸಿ, ಗಾಯಕರು ಸ್ಥಳದಲ್ಲೇ ಹೆಣೆಯುವ ಕಲ್ಪನಾಸ್ವರದ ಬೆನ್ನು ಹತ್ತಿ ಹೋದವನಿಗೆ ಆಶುವಾಗಿ ನುಡಿಸುವ ಮನೋಧರ್ಮವೇನು ಹೊಸದೇ ಎಂದುಕೊಂಡಿದ್ದೆ. ಕಳೆದ ಭಾನುವಾರದ ತಾಲೀಮಿನಲ್ಲಿ ಆ ಜಂಬ ಇಳಿಯಿತು.

ಮೊದಲ ಹತ್ತು ನಿಮಿಷ ಹೇಗೋ ಸಾಗಿತು. ಆಮೇಲೆ ಸ್ಯಾಕ್ಸೋಫೋನಿನ ಉಸಿರು ಏರುತ್ತಿದ್ದಂತೆ ನನ್ನ ಕೈ ತಾನಾಗಿಯೇ ಮುಕ್ತಾಯದ ಸೂಚನೆ ಕೊಡುವ ಮೋರಕ್ಕೆ ಹೋಯಿತು, ಅದರ ಹಿಂದೆಯೇ ಒಂದು ಕೋರ್ವೆಯನ್ನು, ಅಂದರೆ ಮುಕ್ತಾಯದ ಲೆಕ್ಕದ ನುಡಿಕಟ್ಟನ್ನು, ಮೂರು ಸಲ ನುಡಿಸಿ, ಯಾರೂ ಹಾಕದೇ ಇದ್ದ ಆದಿತಾಳದ ಮೊದಲ ಪೆಟ್ಟಾದ ಸಮಕ್ಕೆ ತಂದು ಕೂರಿಸಿದೆ. ಎಲ್ಲರೂ ನಿಂತುಬಿಟ್ಟರು. ಕರ್ನಾಟಕ ಸಂಗೀತದ ಗಂಧವೇ ಇಲ್ಲದ ಸ್ಯಾಕ್ಸೋಫೋನಿನವರೂ ವಾದ್ಯವನ್ನು ತುಟಿಯಿಂದ ತೆಗೆದಿದ್ದರು. ಹುಡುಗ ನಗುತ್ತಾ, ‘ಸಾರ್, ನೀವು ಮಂಗಳ ಹಾಡಿಬಿಟ್ರಿ’ ಎಂದ. ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದಲ್ಲಿ ಚಪ್ಪಾಳೆ ಗಿಟ್ಟಿಸುವ ಆ ಲೆಕ್ಕಾಚಾರ ಇಲ್ಲಿ ಉಳಿದ ಮೂವರ ಬಾಯಿ ಮುಚ್ಚಿಸುವ ಅಪ್ಪಣೆಯಂತೆ ಕೇಳಿಸಿತ್ತು.

ಅನಂತರ ಗಾಯಕಿ ನಮಗೆಲ್ಲ ಒಂದು ಅಭ್ಯಾಸ ಮಾಡಿಸಿದರು. ಅರವತ್ತರ ದಶಕದ ಲಂಡನ್ನಿನಲ್ಲಿ ಬಿಡುಬೀಸು ಸಂಗೀತದ ಗುಂಪು ಕಟ್ಟಿದ ಡ್ರಮ್ ವಾದಕ ಜಾನ್ ಸ್ಟೀವನ್ಸ್ ರೂಪಿಸಿದ್ದು ಅದು: ಪ್ರತಿಯೊಬ್ಬರೂ ತಮ್ಮಿಂದ ಸಾಧ್ಯವಾದ ಅತಿ ಗಿಡ್ಡ ನಾದವನ್ನಷ್ಟೇ ಹೊರಡಿಸಬೇಕು, ಉಳಿದವರನ್ನು ಕೇಳುತ್ತಿರಬೇಕು. ಕೇಳಲು ಮಕ್ಕಳಾಟದಂತಿದೆ. ಆದರೆ ‘ನಂ’, ‘ದಿಂ’ ಎಂದು ನಾದ ನಿಲ್ಲಬೇಕೆಂದೇ ಬೆರಳು ಪಳಗಿಸಿಕೊಂಡವನಿಗೆ, ಹುಟ್ಟಿದೊಡನೆ ನಾದವನ್ನು ಅಂಗೈಯಿಂದ ಅದುಮಿ ಕೊಲ್ಲುವುದು ಎಷ್ಟು ಕಷ್ಟವೆಂದು ಅಂದೇ ತಿಳಿದದ್ದು. ಕಾಲು ಗಂಟೆ ಕಳೆದ ಮೇಲೆ ನನಗೆ ಮೊದಲ ಬಾರಿಗೆ ಗಾಯಕಿಯ ನಾಲಿಗೆಯ ಸಣ್ಣ ಟಕ್ಕೆನ್ನುವ ಸದ್ದು ನನ್ನ ಪೆಟ್ಟಿಗಿಂತ ಸ್ಪಷ್ಟವಾಗಿ ಕೇಳಿಸತೊಡಗಿತು.

ಈ ಹೊತ್ತಿಗೆ, ನಾದ ಮಂದ್ರವಾಗಲೆಂದು ಮೃದಂಗದ ಎಡಗಡೆಯ ಚರ್ಮಕ್ಕೆ ಕಲಸಿ ಮೆತ್ತುವ ರವೆ ಒಣಗಿತ್ತು. ಹುಡುಗ ಗಾಳಿಯ ಸದ್ದನ್ನಲ್ಲ, ಮುಟ್ಟಿದ ವಸ್ತುವಿನ ಕಂಪನವನ್ನೇ ಹಿಡಿಯುವ, ನಾಣ್ಯದಷ್ಟಗಲದ ಕಾಂಟ್ಯಾಕ್ಟ್ ಮೈಕನ್ನು ಮೃದಂಗದ ಹಲಸಿನ ಮರದ ಮೈಗೆ ಅಂಟಿಸಿದ್ದ. ಅದನ್ನು ಮರೆತು ನಾನು ಎಂದಿನಂತೆ ಬೆರಳಿಗೆ ನೀರು ಹಚ್ಚಿಕೊಂಡು ರವೆಯನ್ನು ತಟ್ಟಿ ಮೆತ್ತಗೆ ಮಾಡುತ್ತಿದ್ದರೆ, ಸ್ಪೀಕರಿನಲ್ಲಿ ಕೆಸರುಗದ್ದೆಯಲ್ಲಿ ಎಮ್ಮೆ ಕಾಲು ಕೀಳುವಂಥ ಸದ್ದು ಬಂತು. ವಾದ್ಯವನ್ನು ಸ್ವಲ್ಪ ಹೊರಳಿಸಿದರೆ ಚರ್ಮದ ಬಾರುಗಳ ಕಿರುಗುಟ್ಟುವಿಕೆ. ಇಷ್ಟು ವರ್ಷ ಕಛೇರಿಗೆ ಮುನ್ನ ಯಾರಿಗೂ ಕೇಳಿಸದಂತೆ ಮುಗಿಸುತ್ತಿದ್ದ ಕೆಲಸವೇ ಅಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸುತ್ತಿತ್ತು.

ಇದೆಲ್ಲ ಪಾಶ್ಚಾತ್ಯರ ಹುಚ್ಚೆಂದು ಮನೆಯಲ್ಲಿ ನನ್ನನ್ನು ಛೇಡಿಸುತ್ತಾರೆ. ನಾನು ಹಾಗೆ ಒಪ್ಪಲಾರೆ. 1946ರಲ್ಲಿ ಅಮೆರಿಕದ ಪ್ರಾಯೋಗಿಕ ಸಂಗೀತ ಸಂಯೋಜಕ ಜಾನ್ ಕೇಜ್ ಅವರಿಗೆ ನಮ್ಮ ಸಂಗೀತದ ಪಾಠ ಹೇಳಿದ್ದು ಅಹಮದಾಬಾದಿನ ಸಂಗೀತಗಾರ್ತಿ ಗೀತಾ ಸಾರಾಭಾಯಿ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಕೇಜ್ ಅವರ ಒಡನಾಡಿ ಸಂಗೀತಗಾರ ಡೇವಿಡ್ ಟ್ಯೂಡರ್, ವಿದ್ಯುತ್ತಿನಿಂದ ನಾದ ಹುಟ್ಟಿಸುವ ಮೂಗ್ ಸಿಂಥಸೈಜರ್ ಹೂಡಿಕೊಟ್ಟಿದ್ದರು. ನಮ್ಮ ಊರಿನದೇ ಮಾತೆಂದರೆ, ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬತ್ತರ ದಶಕದಲ್ಲೇ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗೆ ನುಡಿಸಿತ್ತು. ಅಲ್ಲಿ ತಾಳವಿತ್ತು ಎನ್ನುವುದು ಬೇರೆ ಮಾತು.

ಶನಿವಾರಕ್ಕೆ ನಾವು ಗೊತ್ತುಮಾಡಿಕೊಂಡಿರುವುದು ಒಂದೇ: ನಲವತ್ತು ನಿಮಿಷವಾದಾಗ ಗಾಯಕಿಯ ತಂಗಿ ದೀಪ ಆರಿಸುತ್ತಾಳೆ, ಯಾರು ಯಾವ ಸದ್ದಿನಲ್ಲಿದ್ದರೂ ಅಲ್ಲಿಗೇ ನಿಲ್ಲಿಸಬೇಕು. ನಾನು ಎಡಗಡೆಗೆ ರವೆ ಹಾಕಿಕೊಳ್ಳದೆಯೇ ಹೋಗಿ ಕೂರುವವನಿದ್ದೇನೆ. ಸ್ಟೀಲ್ ಡಬ್ಬಿಯಲ್ಲಿ ಒಂದು ಹಿಡಿ ರವೆ, ಪಕ್ಕದಲ್ಲಿ ಒಂದು ಲೋಟ ನೀರು. ಕಲಸುವುದೂ ಮೆತ್ತುವುದೂ ಮೈಕಿನ ಮುಂದೆಯೇ. ನಮ್ಮ ಮೇಷ್ಟ್ರಿಗೆ ಇದನ್ನಿನ್ನೂ ಹೇಳಿಲ್ಲ.