ಅಜ್ಜಿಯ ಮೂರು ಅಧ್ಯಾಯ: ಆಡಿಯೋಬುಕ್ ಕೆಲಸ ಎಲ್ಲಿಗೆ ಬಂತು

ಕಾದಂಬರಿಯ 22 ಅಧ್ಯಾಯಗಳಲ್ಲಿ 19 ನಾನೇ ಓದಿ ಮುಗಿಸಿದ್ದೇನೆ. ಉಳಿದ ಮೂರನ್ನು ಕಥೆಯೊಳಗಿನ ಅಜ್ಜಿ ಹೇಳುತ್ತಾಳೆ. ಅದಕ್ಕೆ ನನ್ನ ದನಿ ಒಗ್ಗುವುದಿಲ್ಲ ಅಂತ ಮೊದಲೇ ಗೊತ್ತಿತ್ತು. ರಂಗಭೂಮಿಯಲ್ಲಿ ದೊಡ್ಡ ಹೆಸರಿರುವ ಹಿರಿಯ ಕಲಾವಿದೆಯೊಬ್ಬರನ್ನು ಕೇಳಿಕೊಂಡೆವು. ಅವರು ಇಡೀ ಪುಸ್ತಕ ತರಿಸಿಕೊಂಡು ಓದಿದ ಮೇಲೆಯೇ ಒಪ್ಪಿದರು. ಅಲ್ಲಿಗೆ ನನಗೆ ಅರ್ಧ ಧೈರ್ಯ ಬಂತು.

ಮೊದಲ ದಿನ

ಫ್ಯಾನ್ ಬಂದ್, ಗೋಡೆಗೆ ದಪ್ಪ ಕಂಬಳಿ. ಕಾಗದ ಸರಿಯುವ ಸದ್ದು ಬೇಡವೆಂದು ದೊಡ್ಡ ಅಕ್ಷರದಲ್ಲಿ ಟ್ಯಾಬ್‌ನಲ್ಲಿ ಓದುವ ವ್ಯವಸ್ಥೆ. ಖಾಲಿ ಕೋಣೆಯ ಸದ್ದು ಮೈನಸ್ 63 ಡೆಸಿಬೆಲ್ ಬಂತು (ರೆಕಾರ್ಡಿಂಗ್‌ನಲ್ಲಿ ಗರಿಷ್ಠ ಮಟ್ಟ ಸೊನ್ನೆ, ಸದ್ದು ಕಡಿಮೆಯಾದಷ್ಟೂ ಮೈನಸ್ ಅಂಕಿ ದೊಡ್ಡದಾಗುತ್ತದೆ). ನಾವು ಪಾಲಿಸುತ್ತಿರುವ ಎಸಿಎಕ್ಸ್ ಅನ್ನುವ ಆಡಿಯೋಬುಕ್ ವೇದಿಕೆಯ ನಿಯಮದ ಪ್ರಕಾರ ಅದು ಮೈನಸ್ 60ಕ್ಕಿಂತ ಕೆಳಗಿರಬೇಕು. ಸರಾಸರಿ ದನಿ ಮೈನಸ್ 23ರಿಂದ ಮೈನಸ್ 18ರ ನಡುವೆ ಇರಬೇಕು, ಎಷ್ಟೇ ಜೋರಾದರೂ ಮೈನಸ್ 3 ದಾಟಬಾರದು.

ಅವರು ಓದಲು ಶುರು ಮಾಡಿದ್ದೇ ಕೋಣೆ ತುಂಬಿತು. ಅದು ನಾಟಕದ ಕೊನೆಯ ಸಾಲಿಗೂ ಮುಟ್ಟುವ ದನಿ. ಮೈಕ್ ಮಾತ್ರ ಒಂದು ಗೇಣು ದೂರದಲ್ಲಿ! ಮೈಕನ್ನು ಹಿಂದೆ ಸರಿಸಿದರೆ ಕೋಣೆಯ ಗುಂಯ್‌ಗುಡುವಿಕೆ ಸೇರಿಕೊಂಡಿತು. ಜೋರು ದನಿಗೂ ಮೆಲು ದನಿಗೂ ಇರುವ ಅಂತರ ತಗ್ಗಿಸುವ ಕಂಪ್ರೆಸರ್ ಹಾಕಿ ನೋಡಿದೆ. ದನಿ ಸಮವಾಯಿತು, ಆದರೆ ಪ್ರತಿ ಉಸಿರೂ ಎದ್ದು ಕೇಳತೊಡಗಿತು. ಒಂದು ಗಂಟೆ ಹೀಗೇ ಹೋಯಿತು.

ಆಮೇಲೆ ಹೆಡ್‌ಫೋನ್ ತೆಗೆದಿಡಿ ಅಂತ ಕೇಳಿಕೊಂಡೆ. ತಮ್ಮ ದನಿ ಕಿವಿಗೆ ಬೀಳುತ್ತಿದ್ದರೆ ಅದನ್ನೇ ತಿದ್ದುತ್ತಾ ಕೂರುವಂತಾಗುತ್ತದೆ. ನಾನು ಒಳಗೆ ಹೋಗಿ ಅವರೆದುರು ನೆಲದ ಮೇಲೆ ಕೂತೆ, ಕುರ್ಚಿಯಾದರೆ ಕಿರುಗುಟ್ಟುತ್ತದೆ ಅಂತ. "ಅಮ್ಮ, ಇಲ್ಲಿ ನಾನೊಬ್ಬಳೇ ಇದ್ದೀನಿ. ನನಗಷ್ಟೇ ಹೇಳಿ" ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಬಂದ ದನಿಯೇ ಬೇರೆ. ಸಣ್ಣದು, ಹತ್ತಿರದ್ದು, ಅಲ್ಲಲ್ಲಿ ಸ್ವಲ್ಪ ನಡುಗುವಂಥದ್ದು. ಮೊದಲ ಅಧ್ಯಾಯ ಒಂದೇ ಕೂತಲ್ಲಿ ಮುಗಿಯಿತು.

ಎರಡನೇ ದಿನ

ನಾನು ಓದುವಾಗ ಪಂಚ್ ಅಂಡ್ ರೋಲ್ ಬಳಸುತ್ತೇನೆ. ತಪ್ಪಿದ ಕೂಡಲೇ ಕೆಲವು ಸೆಕೆಂಡ್ ಹಿಂದಕ್ಕೆ ಹೋಗಿ, ಅದನ್ನು ಕೇಳುತ್ತಲೇ ಸರಿಯಾದ ಜಾಗದಿಂದ ಮುಂದುವರಿಸುವ ಕ್ರಮ ಅದು. ಅವರಿಗೆ ಇದರಿಂದ ಓಟ ಕಡಿಯುತ್ತಿತ್ತು. ಬಿಟ್ಟುಬಿಟ್ಟೆವು. ತಪ್ಪಿದಾಗ ಒಂದು ಚಪ್ಪಾಳೆ, ಆಮೇಲೆ ಆ ವಾಕ್ಯವನ್ನು ಮೊದಲಿನಿಂದ ಓದುವುದು. ಚಪ್ಪಾಳೆ ಪರದೆಯ ಮೇಲೆ ಮೊಳೆಯಂತೆ ಎದ್ದು ಕಾಣುವುದರಿಂದ ಹುಡುಕುವುದು ಸುಲಭ. ಎಡಿಟಿಂಗ್ ಕೆಲಸ ಜಾಸ್ತಿಯಾಯಿತು, ಆಗಲಿ.

'ಭ', 'ಫ' ಬಂದಾಗ ಗಾಳಿ ಮೈಕಿಗೆ ಬಡಿಯುತ್ತಿತ್ತು. ಆ ಗಾಳಿ ತಡೆಯಲು ಮೈಕಿನ ಮುಂದಿಡುವ ಪರದೆ, ಪಾಪ್ ಫಿಲ್ಟರ್, ಇದ್ದರೂ ಸಾಲಲಿಲ್ಲ. ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಓರೆ ಮಾಡಿದ ಮೇಲೆ ಸರಿಹೋಯಿತು.

ಊಟದ ನಂತರ ದನಿ ದಪ್ಪವಾಗಿತ್ತು. ಬೆಳಗಿನದಕ್ಕೆ ಜೋಡಿಸಿದರೆ ಬೇರೆ ಯಾರೋ ಓದಿದ ಹಾಗೆ. ಅರ್ಧ ಪುಟ ಓದಿದ ಮೇಲೆ ಇದು ಗಮನಕ್ಕೆ ಬಂತು. ಈಗ ಪ್ರತಿ ಬಿಡುವಿನ ನಂತರ ಬೆಳಗಿನ 30 ಸೆಕೆಂಡ್ ಕೇಳಿಸಿಯೇ ಶುರು ಮಾಡುತ್ತೇವೆ.

ಎಡಿಟಿಂಗ್

ಎರಡನೇ ಅಧ್ಯಾಯದಲ್ಲಿ, ಮಗ ಮನೆ ಬಿಟ್ಟು ಹೋದ ಅನ್ನುವ ವಾಕ್ಯದ ನಂತರ ಅವರು ನಾಲ್ಕು ಸೆಕೆಂಡ್ ಸುಮ್ನೆ ಇದ್ದಾರೆ. ನಾನು ಅಭ್ಯಾಸಬಲದಿಂದ ಒಂದು ಸೆಕೆಂಡಿಗೆ ಇಳಿಸಿದೆ. ರಾತ್ರಿ ಕೇಳಿದಾಗ ಮನಸ್ಸು ಒಪ್ಪಲಿಲ್ಲ. ಅಜ್ಜಿ ಆ ಮಾತನ್ನು ಅಷ್ಟು ಬೇಗ ದಾಟುತ್ತಾಳಾ? ನಾಲ್ಕನ್ನೂ ವಾಪಸ್ ಹಾಕಿದೆ. ಆ ಮೌನದಲ್ಲಿ ಅವರು ಒಮ್ಮೆ ಉಗುಳು ನುಂಗುತ್ತಾರೆ. ಅದನ್ನೂ ತೆಗೆದಿಲ್ಲ.

ಬೇರೆ ಕಡೆ ಸದ್ದು ಕತ್ತರಿಸಿದಲ್ಲೆಲ್ಲ ಖಾಲಿ ಕೋಣೆಯ ರೆಕಾರ್ಡಿಂಗನ್ನು ತುಂಬಿಸುತ್ತಿದ್ದೇನೆ. ಪೂರ್ತಿ ನಿಶ್ಶಬ್ದ ಇಟ್ಟರೆ ಫೈಲ್ ನಿಂತೇ ಹೋಯಿತೇನೋ ಅನ್ನಿಸುತ್ತದೆ, ಅಲ್ವಾ?

ಮೂರೂ ಅಧ್ಯಾಯ ಸೇರಿ 1 ಗಂಟೆ 12 ನಿಮಿಷ ಆಗಿದೆ. ಪುಸ್ತಕ ಹಿಡಿದು ಕೇಳಿದಾಗ 11 ಕಡೆ ಪದ ತಪ್ಪಿರುವುದು ಸಿಕ್ಕಿತು. ಅಷ್ಟನ್ನು ಮತ್ತೆ ಓದಿಕೊಡಲು ಅವರು ಗುರುವಾರ ಬರುತ್ತಾರೆ. ಅವತ್ತಿನ ದನಿಗೆ ಹೊಂದಬೇಕಲ್ಲ, ಹಾಗಾಗಿ ಮೈಕ್ ಸ್ಟ್ಯಾಂಡ್ ಮತ್ತು ಅವರ ಕುರ್ಚಿ ಇದ್ದ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿದ್ದೇನೆ. ನಾನು ಕೂತಿದ್ದ ಜಾಗಕ್ಕೂ.