ಲೆವೊಡೋಪಾ ಮಿದುಳು ಮುಟ್ಟುವ ಮೊದಲು

ಪಾರ್ಕಿನ್ಸನ್ (ನಡುಕ, ಮೈ ಬಿಗಿತ ತರುವ ಮಿದುಳಿನ ರೋಗ) ಇರುವವರ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತಿದು: "ಬೆಳಗಿನ ಮಾತ್ರೆ ಹಿಡಿಯುತ್ತೆ, ಮಧ್ಯಾಹ್ನದ್ದು ಹಿಡಿಯೋದೇ ಇಲ್ಲ." ಮಾತ್ರೆ ಅದೇ, ಡೋಸೂ ಅದೇ. ರೋಗ ಹೆಚ್ಚಾಯಿತು ಎಂದುಕೊಳ್ಳುವ ಮೊದಲು ಹೊಟ್ಟೆಯ ಕಡೆ ಒಮ್ಮೆ ನೋಡಿ.

ಈ ಮಾತ್ರೆಯ ಮುಖ್ಯ ಔಷಧ ಲೆವೊಡೋಪಾ. ಅದು ರಕ್ತಕ್ಕೆ ಸೇರುವುದು ಸಣ್ಣ ಕರುಳಿನ ಮೇಲ್ಭಾಗದಲ್ಲಿ. ಅದು ಡೋಪಮೈನ್, ಅಂದರೆ ಮೈ ಚಲನೆಗೆ ಬೇಕಾದ ರಾಸಾಯನಿಕ, ಆಗಬೇಕಾದ್ದು ಮಿದುಳಿನೊಳಗೆ. ಕರುಳಲ್ಲೇ ಆಗಿಬಿಟ್ಟರೆ ದಂಡ, ಏಕೆಂದರೆ ಡೋಪಮೈನ್‌ಗೆ ರಕ್ತದಿಂದ ಮಿದುಳಿಗೆ ದಾಟಲು ಆಗದು. ಇದನ್ನು ತಡೆಯಲೆಂದೇ ಮಾತ್ರೆಯಲ್ಲಿ ಕಾರ್ಬಿಡೋಪಾ ಎಂಬ ಇನ್ನೊಂದು ಔಷಧ ಬೆರೆಸಿರುತ್ತಾರೆ. ಲೆವೊಡೋಪಾವನ್ನು ಡೋಪಮೈನ್ ಮಾಡುವ ನಮ್ಮ ದೇಹದ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಆದರೆ ಕರುಳಲ್ಲಿರುವ ಎಂಟರೊಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾದ ಬಳಿ ಟೈರೋಸಿನ್ ಎಂಬ ಅಮೈನೊ ಆಮ್ಲವನ್ನು ಒಡೆಯುವ ಬೇರೆಯದೇ ಕಿಣ್ವವಿದೆ. ಲೆವೊಡೋಪಾದ ರಚನೆ ಟೈರೋಸಿನ್‌ಗೆ ತೀರ ಹತ್ತಿರ, ಹಾಗಾಗಿ ಆ ಕಿಣ್ವ ಅದನ್ನೂ ಬಿಡದೆ ಡೋಪಮೈನ್ ಮಾಡಿಬಿಡುತ್ತದೆ. ಕಾರ್ಬಿಡೋಪಾಕ್ಕೆ ಈ ಕಿಣ್ವ ಜಗ್ಗುವುದಿಲ್ಲ. 2019ರಲ್ಲಿ ಹಾರ್ವರ್ಡ್ ಮತ್ತು ನೆದರ್ಲೆಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದ ತಂಡಗಳು ಬೇರೆಬೇರೆಯಾಗಿ ಇದನ್ನು ತೋರಿಸಿದವು.

ಹಾರ್ವರ್ಡ್ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹೀಗೆ ಹುಟ್ಟಿದ ಡೋಪಮೈನನ್ನು ಎಗರ್ಥೆಲ್ಲಾ ಲೆಂಟಾ ಎಂಬ ಮತ್ತೊಂದು ಬ್ಯಾಕ್ಟೀರಿಯಾ ಮೆಟಾ-ಟೈರಮೈನ್ ಎಂಬ ಬೇರೊಂದು ರಾಸಾಯನಿಕವಾಗಿ ಮಾರ್ಪಡಿಸುತ್ತದೆ. ಎಲ್ಲ ಎಗರ್ಥೆಲ್ಲಾಗಳೂ ಈ ಕೆಲಸ ಮಾಡುವುದಿಲ್ಲ. ಕಿಣ್ವದ ಒಂದೇ ಒಂದು ಅಮೈನೊ ಆಮ್ಲ ಅದನ್ನು ತೀರ್ಮಾನಿಸುತ್ತದೆ. ಮಲದಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಪಟ್ಟಿ ಕೊಡುವ ದುಬಾರಿ ಟೆಸ್ಟುಗಳಿಂದ ಡೋಸು ನಿರ್ಧರಿಸಲಾಗದು ಎನ್ನಲು ಇಷ್ಟು ಸಾಕು.

ಬ್ಯಾಕ್ಟೀರಿಯಾದ ಕಿಣ್ವವನ್ನೇ ತಡೆಯುವ ಮಾತ್ರೆ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ನಮ್ಮ ಕೈಲಿರುವುದು ಹೊಟ್ಟೆ ಬೇಗ ಖಾಲಿಯಾಗುವಂತೆ ನೋಡಿಕೊಳ್ಳುವುದು. ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಊಟವಾಗಿ ಒಂದು ಗಂಟೆಯ ನಂತರ, ಒಂದು ಲೋಟ ನೀರಿನ ಜೊತೆ. ಮಧ್ಯಾಹ್ನ ಮುದ್ದೆ, ಕಾಳಿನ ಸಾರು, ಮೊಸರು ಮುಗಿಸಿ ತಕ್ಷಣ ನುಂಗಿದರೆ ಮಾತ್ರೆ ಆ ಊಟದ ಜೊತೆ ಜಠರದಲ್ಲೇ ಕಾಯುತ್ತದೆ. ಕರುಳಿಗೆ ಇಳಿದ ಮೇಲೂ ರಕ್ತಕ್ಕೆ ಸೇರಲು ಪ್ರೋಟೀನಿನ ಅಮೈನೊ ಆಮ್ಲಗಳ ಜೊತೆ ಪೈಪೋಟಿ ತಪ್ಪದು. ಹಾಗಂತ ಕಾಳು ಬಿಡಬೇಡಿ, ತೂಕ ಇಳಿಯುತ್ತದೆ. ಕಬ್ಬಿಣಾಂಶದ ಮಾತ್ರೆಯಿದ್ದರೆ ಎರಡು ಗಂಟೆಯಾದರೂ ಅಂತರವಿರಲಿ. ಕಬ್ಬಿಣ ಲೆವೊಡೋಪಾಕ್ಕೆ ಅಂಟಿಕೊಳ್ಳುತ್ತದೆ.

ಮಲಬದ್ಧತೆಯೂ ಪಾರ್ಕಿನ್ಸನ್‌ನದೇ ಲಕ್ಷಣ; ಅದನ್ನು ವಯಸ್ಸಿನ ಕಾಟ ಎಂದು ತಳ್ಳಿಹಾಕುವುದೇ ದೊಡ್ಡ ತಪ್ಪು. ನಡುಕ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಅದು ಶುರುವಾಗಿರಬಹುದು. ಇಸಬ್‌ಗೋಲ್ ಕೊಡುವುದಾದರೆ ತುಂಬು ಲೋಟ ನೀರಿನಲ್ಲಿ, ಕಲಸಿದ ಕೂಡಲೇ, ಲೆವೊಡೋಪಾ ಹೊತ್ತು ಬಿಟ್ಟು. ನೀರು ಕಡಿಮೆಯಾದರೆ ಗಟ್ಟಿಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ನುಂಗಲು ಕಷ್ಟವಿರುವವರಿಗೆ ಅದು ಬೇಡವೇ ಬೇಡ; ಮಲ ಸಡಿಲಿಸುವ ಮ್ಯಾಕ್ರೊಗಾಲ್ ಪುಡಿ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಿ.

ನಸುಗುನ್ನಿ ಬೀಜದ ಪುಡಿ "ನ್ಯಾಚುರಲ್" ಎಂದು ಸೇರಿಸಿಕೊಳ್ಳುವವರಿದ್ದಾರೆ. ಅದರಲ್ಲಿರುವುದೂ ಲೆವೊಡೋಪಾವೇ, ಆದರೆ ಕಾರ್ಬಿಡೋಪಾ ಇಲ್ಲ, ಚಮಚಕ್ಕೆ ಎಷ್ಟೆಂಬ ಖಾತ್ರಿಯೂ ಇಲ್ಲ. ಮಾತ್ರೆಯ ಮೇಲೆ ಇದನ್ನೂ ತಿಂದರೆ ವಾಕರಿಕೆ, ತಲೆಸುತ್ತು, ಮೈ ತಾನಾಗಿ ತಿರುಚುವುದು ಬರಬಹುದು. ಆ ವಾಕರಿಕೆಗೆಂದು ಅಂಗಡಿಯಿಂದ ಮೆಟೊಕ್ಲೊಪ್ರಮೈಡ್ ತಂದು ಕೊಟ್ಟರಂತೂ ಇನ್ನೊಂದು ಎಡವಟ್ಟು: ಅದು ಮಿದುಳಿಗೆ ಹೋಗಿ ಡೋಪಮೈನಿನ ಕೆಲಸವನ್ನೇ ತಡೆಯುತ್ತದೆ, ನಡಿಗೆ ಇನ್ನಷ್ಟು ಬಿಗಿಯುತ್ತದೆ.