ಪಿಎಚ್ ಸರಿಯಿದೆ, ಆದರೂ ಪೆಪ್ಟೈಡ್ ಕಾಲಮ್‌ನಲ್ಲಿ ನಿಲ್ಲುತ್ತಿಲ್ಲವೇ?

ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಪ್ರೋಟೀನನ್ನು ತುಂಡು ಮಾಡುವುದು, ಆ ತುಂಡುಗಳನ್ನು (ಇವೇ ಪೆಪ್ಟೈಡ್‌ಗಳು) ಕಾಲಮ್ ಎಂಬ ಕೊಳವೆಯಲ್ಲಿ ಹಾಯಿಸಿ ಚಾರ್ಜ್ ಪ್ರಕಾರ ಬೇರ್ಪಡಿಸಿ, ತೂಕ ಅಳೆಯುವ ಮಾಸ್ ಸ್ಪೆಕ್ ಯಂತ್ರಕ್ಕೆ ಕಳಿಸುವುದು ನನ್ನ ಕೆಲಸ. ಹೊಸಬರಿಗೆ ನಾನು ಮೊದಲು ಹೇಳುವುದು ಇಷ್ಟೇ: ರನ್ ಹಾಕುವ ಮುಂಚೆ ಚಾರ್ಜ್ ಎಣಿಸಿ.

ಲೆಕ್ಕ ಸುಲಭ. ಪಿಎಚ್ 3ಕ್ಕಿಂತ ಕೆಳಗೆ ಇಳಿಸಿದರೆ ಪೆಪ್ಟೈಡ್‌ನ ಆಸಿಡ್ ಗುಂಪುಗಳ ನೆಗೆಟಿವ್ ಚಾರ್ಜ್ ಬಹುಪಾಲು ಹೋಗಿರುತ್ತದೆ. ಟ್ರಿಪ್ಸಿನ್ ಕತ್ತರಿಸುವುದು ಲೈಸಿನ್ ಅಥವಾ ಆರ್ಜಿನಿನ್ ಎಂಬ ಪಾಸಿಟಿವ್ ಅಮೈನೋ ಆಸಿಡ್ ಆದಮೇಲೆ; ತುಂಡಿನ ಇನ್ನೊಂದು ತುದಿಯ ಅಮೈನೋ ಗುಂಪೂ ಪಾಸಿಟಿವ್. ಹಾಗಾಗಿ ತುಂಡಿನ ಒಂದೊಂದು ತುದಿಗೂ ಒಂದೊಂದು ಪಾಸಿಟಿವ್, ಒಟ್ಟು 2. ಮಧ್ಯೆ ಹಿಸ್ಟಿಡಿನ್ ಇದ್ದರೆ 3. ಫಾಸ್ಫೇಟ್ ಇದ್ದರೆ ಒಂದು ಕಮ್ಮಿ. ನಮ್ಮ ಕಾಲಮ್ ನೆಗೆಟಿವ್, ಹಾಗಾಗಿ ಪಾಸಿಟಿವ್ ತುಂಡುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಉಪ್ಪು ಏರಿಸುತ್ತಾ ಹೋದ ಹಾಗೆ (ಇದಕ್ಕೆ ಗ್ರೇಡಿಯೆಂಟ್ ಅನ್ನುತ್ತೇವೆ) ಚಾರ್ಜ್ ಕಮ್ಮಿ ಇರುವವು ಮೊದಲು ಇಳಿಯುತ್ತವೆ.

ಒಂದೇ ಒಂದು ಚಾರ್ಜ್‌ನಿಂದ ಎಷ್ಟು ವ್ಯತ್ಯಾಸ ಅಂತೀರಾ? 1956ರಲ್ಲಿ ಕೇಂಬ್ರಿಡ್ಜ್‌ನ ವರ್ನನ್ ಇಂಗ್ರಾಮ್ ಸಿಕಲ್ ಸೆಲ್ ರೋಗಿಗಳ ಹಿಮೋಗ್ಲೋಬಿನನ್ನು ಇದೇ ಟ್ರಿಪ್ಸಿನ್‌ನಿಂದ ತುಂಡು ಮಾಡಿದರು. ಕಾಗದದ ಮೇಲೆ ಕರೆಂಟ್ ಹಾಯಿಸಿ, ಆಮೇಲೆ ಅಡ್ಡಕ್ಕೆ ದ್ರಾವಕ ಹರಿಸಿದಾಗ ಒಂದು ತುಂಡು ಮಾತ್ರ ಬೇರೆ ಜಾಗದಲ್ಲಿ ಕೂತಿತ್ತು. ಅದರಲ್ಲಿ ಗ್ಲುಟಾಮಿಕ್ ಆಸಿಡ್ ಇರಬೇಕಾದ ಕಡೆ ಚಾರ್ಜ್ ಇಲ್ಲದ ವ್ಯಾಲಿನ್ ಇತ್ತು. ಈ ಕಥೆ ನನಗೆ ಇವತ್ತಿಗೂ ಮೈ ಜುಮ್ಮೆನಿಸುತ್ತದೆ.

ಇತ್ತೀಚೆಗೆ ಕಿರಿಯ ಸಹೋದ್ಯೋಗಿಯೊಬ್ಬರ ಸ್ಯಾಂಪಲ್ ಕಾಲಮ್‌ನಲ್ಲಿ ನಿಲ್ಲಲೇ ಇಲ್ಲ. ಎಲ್ಲ ಪೆಪ್ಟೈಡೂ ಲೋಡ್ ಮಾಡುವಾಗಲೇ ಹೊರಗೆ ಬಂತು. "ಕಾಲಮ್ ಹೋಯ್ತು ಅನ್ಸುತ್ತೆ ಮೇಡಂ" ಅಂದರು. ಪಿಎಚ್ ಪಟ್ಟಿಗೆ ಒಂದು ಹನಿ ಮುಟ್ಟಿಸಿದೆವು, ಸರಿಯಾಗೇ ಇತ್ತು. ಸ್ಕ್ರೀನ್ ಮೇಲೆ ಪೆಪ್ಟೈಡ್ ಹೊರಬರುವುದನ್ನು ತೋರಿಸುವ 214 ನ್ಯಾನೋಮೀಟರ್ ಗೆರೆಯನ್ನು ಎಲ್ಲರೂ ನೋಡುತ್ತಾರೆ. ಅದರ ಜೊತೆಗೇ, ಉಪ್ಪು ಎಷ್ಟಿದೆ ಅಂತ ತೋರಿಸುವ ಕಂಡಕ್ಟಿವಿಟಿ ಗೆರೆಯೂ ಏರಿತ್ತು. ಗ್ರೇಡಿಯೆಂಟ್ ಇನ್ನೂ ಶುರುವಾಗಿರಲಿಲ್ಲ, ಅಂದಮೇಲೆ ಆ ಉಪ್ಪು ಸ್ಯಾಂಪಲ್‌ನದ್ದೇ ಅಲ್ವಾ?

ವಿಚಾರಿಸಿದರೆ, ಪ್ರೋಟೀನ್ ಕರಗಲಿಲ್ಲ ಅಂತ ಯೂರಿಯಾ ಬದಲು ಗ್ವಾನಿಡಿನ್ ಹೈಡ್ರೋಕ್ಲೋರೈಡ್ ಬಳಸಿದ್ದರು. ಯೂರಿಯಾಗೆ ಚಾರ್ಜ್ ಇಲ್ಲ, ಕಾಲಮ್‌ಗೆ ಅದರಿಂದ ತೊಂದರೆಯಿಲ್ಲ. ಗ್ವಾನಿಡಿನ್ ಹಾಗಲ್ಲ, ಅದೇ ಒಂದು ಉಪ್ಪು. ಟ್ರಿಪ್ಸಿನ್ ಕೆಲಸ ಮಾಡಲಿ ಅಂತ 1 ಮೋಲಾರ್‌ಗೆ ಇಳಿಸಿದ್ದರೂ ಪೆಪ್ಟೈಡ್ ಕೂರಬೇಕಾದ ಜಾಗವನ್ನೆಲ್ಲ ಅದೇ ಹಿಡಿದಿರುತ್ತದೆ.

ಪುಣ್ಯಕ್ಕೆ ಅವರು ಹೊರಬಂದ ದ್ರವವನ್ನು ಚೆಲ್ಲಿರಲಿಲ್ಲ. ಅದನ್ನು ಪೆಪ್ಟೈಡ್ ಹಿಡಿದು ಉಪ್ಪು ಬಿಡುವ ಸಿ18 ಕಾರ್ಟ್ರಿಡ್ಜ್‌ನಲ್ಲಿ ತೊಳೆದು ಉಪ್ಪು ತೆಗೆದು, ಒಣಗಿಸಿ, ಕಾಲಮ್ ಬಫರ್‌ನಲ್ಲಿ ಕರಗಿಸಿ ಮತ್ತೆ ಲೋಡ್ ಮಾಡಿದೆವು. ಈ ಸಲ ಲೋಡ್ ಮುಗಿಯುವ ತನಕ ಎರಡೂ ಗೆರೆ ಕೆಳಗೇ ಇದ್ದವು. ಗ್ರೇಡಿಯೆಂಟ್ ಶುರುವಾದ ಮೇಲೆ ಪೀಕ್‌ಗಳು ಒಂದರ ಹಿಂದೆ ಒಂದು ಬಂದವು.